ಮಣ್ಣಿಯ ಬಣ್ಣ

ಅಜ್ಜಿಗೆ ಅರಿವೆಯ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ ಅಂತ ಗಾದೆ. ಕಟ್ಟಿದವರು ಯಾರೋ, ಜಲಜಾಕ್ಷಿಯನ್ನು ನೋಡಿದವರಲ್ಲ. ಅವಳಿಗೆ ಅರಿವೆ, ಕಜ್ಜಾಯ ಎರಡೂ ಒಂದೇ ಚಿಂತೆಯಾಗಿತ್ತು. ಬೋವಿಕಾನದ ಪೇಟೆಯಿಂದ ಅರ್ಧ ಮೈಲು ಇಳಿದರೆ ಸಿಗುವ ನೇಕಾರರ ಕೇರಿಯಲ್ಲಿ ಹದಿನಾಲ್ಕು ಮಗ್ಗಗಳು. ಅಷ್ಟೂ ಮಗ್ಗದ ನೂಲಿಗೆ ಬಣ್ಣ ಹಾಕುವ ಕೈ ಅವಳದ್ದು. ಯಾರಾದರೂ ಹೋಗಿ ಹಳದಿ ಬೇಕು ಎಂದರೆ ಸುಮ್ಮನೆ ಮುಖ ನೋಡುತ್ತಿದ್ದಳು. ಯಾವ ಹಳದಿ ಮಾರಾಯರೇ? ಹೋಳಿಗೆಯ ಮೇಲಿನದ್ದೋ, ಒಳಗಿನ ಹೂರಣದ್ದೋ? ಕಂದು ಎಂದರೆ ಮಧೂರಿನ ಅಪ್ಪದ ಕಂದೋ, ಕಾಯಿಸಿದ ಬೆಲ್ಲದ ಕಂದೋ? ಹೀಗೆ ಕೇಳಿ ಕೇಳಿ, ಸೀರೆ ಕೊಳ್ಳಲು ಬಂದವರಿಗೆ ಹಸಿವಾಗುವಂತೆ ಮಾಡಿಬಿಡುತ್ತಿದ್ದಳು.

ಈ ಹುಚ್ಚು ತವರಿನಿಂದ ಬಂದದ್ದು. ತವರು ಮೀಂಜದ ಕಡೆ. ಅಪ್ಪ ನೇಯ್ದ ಸೀರೆಗಳನ್ನು ಅಮ್ಮ ತಲೆಯ ಮೇಲೆ ಹೊತ್ತು ಹಬ್ಬದ ದಿನ ಬೆಳಿಗ್ಗೆಯೇ ದೊಡ್ಡ ಮನೆಗಳಿಗೆ ಮುಟ್ಟಿಸುತ್ತಿದ್ದಳು. ಏಳೆಂಟು ವರ್ಷದ ಜಲಜಾಕ್ಷಿ ಅವಳ ಬೆನ್ನಿಗೆ. ಆ ಮನೆಯವರು ಅಂಗಳದಲ್ಲಿ ನಿಲ್ಲಿಸಿ ಆ ದಿನದ ತಿಂಡಿಯನ್ನು ಬಾಳೆಲೆಯಲ್ಲಿ ಕಟ್ಟಿ ಕೊಡುತ್ತಿದ್ದರು. ಒಂದು ಮನೆಯಲ್ಲಿ ಹೋಳಿಗೆ, ಇನ್ನೊಂದರಲ್ಲಿ ಎಳ್ಳುಂಡೆ, ಮತ್ತೊಂದರಲ್ಲಿ ಅರಸಿನ ಎಲೆಯ ಕಡುಬು. ಕಟ್ಟು ಹಿಡಿಯುವ ಕೆಲಸ ಹುಡುಗಿಯದ್ದು, ತಿನ್ನುವ ಅಪ್ಪಣೆ ಮಾತ್ರ ಇಲ್ಲ. ಮನೆಯಲ್ಲಿ ಏಳು ಬಾಯಿ ಕಾಯುತ್ತಿದ್ದವು. ಮನೆ ಮುಟ್ಟಿದ ಮೇಲೆಯೇ ಪಾಲು. ನಾಲ್ಕು ಮೈಲು ದಾರಿ. ಅವಳೇನು ಮಾಡಬೇಕು? ಎಲೆಯ ತುದಿ ಬಿಡಿಸಿ ನೋಡುತ್ತಿದ್ದಳು. ತೋಟದ ನೆರಳಿನಲ್ಲಿ ಒಮ್ಮೆ, ಗುಡ್ಡೆಯ ಬಿಸಿಲಿನಲ್ಲಿ ಒಮ್ಮೆ, ತೋಡಿನ ಮೇಲಿನ ಸಂಕ ದಾಟಿ ಇನ್ನೊಮ್ಮೆ. ಮನೆ ಬರುವಷ್ಟರಲ್ಲಿ ಕಣ್ಣಲ್ಲೇ ತಿಂದು ಮುಗಿಸಿರುತ್ತಿದ್ದಳು. ಆಮೇಲೆ ಅವಳ ಪಾಲಿಗೆ ಬರುತ್ತಿದ್ದದ್ದು ಹೆಬ್ಬೆರಳ ಉಗುರಿನಷ್ಟು. ರುಚಿ ನೆನಪಿಲ್ಲ ಎಂದು ಅವಳೇ ಹೇಳುತ್ತಿದ್ದಳು, ಬಣ್ಣ ಮಾತ್ರ ಕೇಳಿ.

ಎಲ್ಲಕ್ಕಿಂತ ಹೆಚ್ಚು ಅವಳ ಕಣ್ಣಿನಲ್ಲಿ ಉಳಿದದ್ದು ರಾಗಿಯ ಮಣ್ಣಿ. ರಾಗಿಯನ್ನು ತೆಂಗಿನಕಾಯಿಯೊಂದಿಗೆ ಅರೆದು, ಹಾಲು ಸೋಸಿ, ಬೆಲ್ಲ ಹಾಕಿ ಕಾಯಿಸಿ ಹರಿವಾಣಕ್ಕೆ ಹೊಯ್ದು ಕತ್ತರಿಸುವ ಆ ತಿಂಡಿ. ಕಂದು ಎಂದರೆ ಕಂದಲ್ಲ, ಕಪ್ಪು ಎಂದರೆ ಕಪ್ಪಲ್ಲ, ಒಳಗೆಲ್ಲೋ ನೇರಳೆಯ ಒಂದು ಎಳೆ. ಅದನ್ನು ನೂಲಿಗೆ ತರಲು ಅವಳಿಗೆ ಹನ್ನೊಂದು ವರ್ಷ ಹಿಡಿಯಿತು.

ಗಂಡ ಲೋಕಯ್ಯ ನೇಕಾರರ ಸೊಸೈಟಿಯ ಬಣ್ಣದ ಮೇಸ್ತ್ರಿ. ಅಂದರೆ, ಸೊಸೈಟಿಯ ಪುಸ್ತಕದಲ್ಲಿ ಹಾಗೆ ಬರೆದಿತ್ತು. ಒಳ್ಳೆಯ ಮನುಷ್ಯ, ನೀರು ಹೊತ್ತು ಒಲೆ ಉರಿಸುತ್ತಿದ್ದ, ನೂಲಿನ ಲಡಿ ಹಿಂಡುತ್ತಿದ್ದ. ಆದರೆ ಹಂಡೆಗೆ ಯಾವುದು ಎಷ್ಟು ಬೀಳಬೇಕು, ಯಾವಾಗ ನೂಲು ಎತ್ತಬೇಕು ಎಂದು ಹೇಳುತ್ತಿದ್ದವಳು ಜಲಜಾಕ್ಷಿ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಅವಳ ಮಟ್ಟಿಗೆ ಅದು ಅರ್ಧ ಮಾತ್ರ ನಿಜವಾಯಿತು. ಕೈ ಮೊಣಕೈಯವರೆಗೆ ಬಣ್ಣವಾಯಿತು, ಹೆಸರು ಲೋಕಯ್ಯನದ್ದಾಯಿತು. ಅದರ ಬಗ್ಗೆ ಅವಳಿಗೆ ಬೇಸರವೂ ಇರಲಿಲ್ಲ, ಲೋಕಯ್ಯ ಇರುವವರೆಗೆ.

ಸ್ವಾತಂತ್ರ್ಯ ಬಂದ ಮರುವರ್ಷದ ಮಳೆಗಾಲದಲ್ಲಿ ಲೋಕಯ್ಯ ಜ್ವರ ಬಂದು ಹೋಗಿಬಿಟ್ಟ. ಮನೆಯಲ್ಲಿ ಉಳಿದದ್ದು ಜಲಜಾಕ್ಷಿ, ಹಲ್ಲೆಲ್ಲ ಉದುರಿದ ಅತ್ತೆ ಅಮ್ಮಣ್ಣಿ, ಮತ್ತು ಹಿತ್ತಿಲಿನ ಬಣ್ಣದ ಕೊಟ್ಟಿಗೆ. ವರ್ಷಾಂತಿಕ ಕಳೆದ ಮೇಲೆ ಮೇಸ್ತ್ರಿಯ ಜಾಗದ ಮಾತು ಬಂತು. ಸೊಸೈಟಿಯ ಅಧ್ಯಕ್ಷ ಬೋಜ ಶೆಟ್ಟಿಗಾರ ಕೆಟ್ಟವನಲ್ಲ, ಆದರೆ ತೂಕ ಮಾಡದೆ ಮಾತು ನಂಬುವವನೂ ಅಲ್ಲ. ಕಣ್ಣೂರಿನಿಂದ ಮಿಲ್ಲಿನಲ್ಲೇ ಬಣ್ಣ ಹಾಕಿದ ನೂಲು ಸಿಗುತ್ತದೆ, ನಂಬರು ಹೇಳಿದರೆ ಸಾಕು, ಇವತ್ತು ಬಂದ ಬಣ್ಣವೇ ನಾಳೆಯೂ ಬರುತ್ತದೆ ಎಂಬುದು ಅವನ ವಾದ. ತಿಂಡಿಯ ಹೆಸರು ಹೇಳಿ ಮಾರಲು ನಾವೇನು ಹೋಟೇಲು ಇಟ್ಟಿದ್ದೇವಾ ಎಂದು ಸಭೆಯಲ್ಲಿ ಕೇಳಿದಾಗ ಎಲ್ಲರೂ ನಕ್ಕರಂತೆ.

ಆಮೇಲೆ ಅವನೇ ಅವಳ ಅಂಗಳಕ್ಕೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅದೊಂದು ಗುಣ ಅವನಲ್ಲಿತ್ತು.

"ನಿನ್ನ ಕೈಯ ಬಣ್ಣ ಚಂದ ಉಂಟು ಜಲಜಾ, ಇಲ್ಲ ಅಂತ ಯಾರೂ ಹೇಳುವುದಿಲ್ಲ. ಆದರೆ ನಿನಗೆ ಓದು ಬರುವುದಿಲ್ಲ, ಲೆಕ್ಕ ಬರುವುದಿಲ್ಲ. ಹೊರಗಿನ ಆರ್ಡರು ಒಂದು ಬರಲಿ. ಅವರು ಕೇಳಿದ ಬಣ್ಣ, ಹೇಳಿದ ದಿನಕ್ಕೆ ಕೊಟ್ಟರೆ ಮೇಸ್ತ್ರಿ ಜಾಗ ನಿನ್ನದು. ಇಲ್ಲದಿದ್ದರೆ ಈ ಕೊಟ್ಟಿಗೆಯಲ್ಲಿ ಮಿಲ್ಲಿನ ನೂಲು ಇಡುವುದು."

ಅವಳು ಆಯಿತು ಎಂದಳು. ಬೇರೆ ಏನು ಹೇಳಲಿಕ್ಕಿತ್ತು? ಆದರೆ ಅವನು ಹೋದ ಮೇಲೆ ಹಂಡೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಕೊಟ್ಟಿಗೆ ಹೋದರೆ ತಾನು ನೂಲು ಸುತ್ತುವ ಹೆಂಗಸರಲ್ಲಿ ಒಬ್ಬಳಾಗಬೇಕು. ಆ ಕೆಲಸಕ್ಕೆ ನಾಚಿಕೆಯೇನಲ್ಲ, ಅದೂ ಅನ್ನವೇ. ಆದರೆ ಬಣ್ಣವಿಲ್ಲದೆ ದಿನ ದೂಡುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ, ಹೆದರಿಕೆಯಾಯಿತು.

ಮಳೆ ಬಿಟ್ಟ ಮೇಲೆ ಕೈಮಗ್ಗದ ಇನ್ಸ್‌ಪೆಕ್ಟರ್ ಪಂಪಾಪತಿ ಬಂದ. ಬಳ್ಳಾರಿಯ ಕಡೆಯವನು. ಆಗ ಬಳ್ಳಾರಿಯೂ ಮದರಾಸಿಗೆ ಸೇರಿತ್ತು, ನಮ್ಮ ಕಾಸರಗೋಡೂ ಮದರಾಸಿಗೆ ಸೇರಿತ್ತು. ಹಾಗಾಗಿ ಸರಕಾರ ಅವನನ್ನು ಎತ್ತಿ ಇಲ್ಲಿ ಹಾಕಿತ್ತು. ಮಾತಾಡುತ್ತಿದ್ದದ್ದು ಕನ್ನಡವೇ, ಆದರೆ ಆ ಕನ್ನಡದ ಹಿಂದೆ ನಮ್ಮವರು ಓಡಬೇಕಾಗುತ್ತಿತ್ತು. ಮನೆಯಲ್ಲಿ ತುಳು ಆಡುವ ಜಲಜಾಕ್ಷಿಗಂತೂ ಅರ್ಧ ಅರ್ಥವಾಗಿ ಅರ್ಧ ಗಾಳಿಗೆ ಹೋಗುತ್ತಿತ್ತು. ಮನುಷ್ಯ ಮಾತ್ರ ರಸಿಕ. ಹಲಸಿನ ಮರದ ಕೆಳಗೆ ಒಣಗಲು ಹಾಕಿದ್ದ ಲಡಿಗಳನ್ನು ನೋಡಿ ಛತ್ರಿ ಮಡಚುವುದನ್ನೇ ಮರೆತ. ಮದರಾಸಿನ ಪ್ರದರ್ಶನಕ್ಕೆ ಕಳಿಸುತ್ತೇನೆ ಎಂದು ಪ್ರತಿ ಬಣ್ಣದಿಂದ ಒಂದು ತುಂಡು ನೂಲು ಕತ್ತರಿಸಿ, ದಪ್ಪ ಕಾಗದಕ್ಕೆ ಸಾಲಾಗಿ ಹೊಲಿದು, ಪಕ್ಕದಲ್ಲಿ ಹೆಸರು ಬರೆಯುತ್ತ ಹೋದ.

ಅವಳು ಹೇಳುತ್ತಾ ಹೋದಳು. ಹೋಳಿಗೆ ಎಂದಳು, ಬರೆದ. ಅಪ್ಪ ಎಂದಳು, ಪೆನ್ನು ನಿಲ್ಲಿಸಿ, ಇದು ಯಾರಪ್ಪ ತಾಯಿ ಎಂದು ಕೇಳಿದ. ಅಮ್ಮಣ್ಣಿ ಬೊಚ್ಚು ಬಾಯಿ ತುಂಬ ನಕ್ಕಳು. ಜಲಜಾಕ್ಷಿ ಅಕ್ಕಿ, ಬೆಲ್ಲ, ಬಾಳೆಹಣ್ಣು, ಕಾವಲಿಯ ಗುಳಿ ಎಂದು ಕೈ ತಿರುಗಿಸಿ ವಿವರಿಸಿದಳು. ಎಳ್ಳುಂಡೆ ಎಂದಳು, ಬರೆದ. ಅದರ ಪಕ್ಕದ್ದು ಯಾವುದು ಎಂದು ಕೇಳಿದ.

ಮಣ್ಣಿ, ಎಂದಳು.

ಪಂಪಾಪತಿ ಆ ಎಳೆಯನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. ಊರಿನ ನೆನಪಾಯಿತೋ ಏನೋ, ಮುಖ ಮೆತ್ತಗಾಯಿತು. ಆಮೇಲೆ ಕೆಳಗೆ ದುಂಡಗೆ ಬರೆದ: ಮಣ್ಣಿನ ಬಣ್ಣ. ಮಣ್ಣಿ ಎಂಬ ತಿಂಡಿ ಇದೆಯೆಂದು ಅವನ ಏಳು ತಲೆಗೂ ಗೊತ್ತಿರಲಿಲ್ಲ. ಅಪ್ಪ ಯಾರೆಂದು ಗೊತ್ತಾಗದೆ ಕೇಳಿದ. ಇದು ಗೊತ್ತೇ ಉಂಟೆಂದು ಕೇಳಲಿಲ್ಲ. ಲೋಕದಲ್ಲಿ ಹೆಚ್ಚಿನ ಎಡವಟ್ಟು ಆಗುವುದೇ ಹೀಗೆ. ಅವಳಿಗೆ ಓದು ಬರುತ್ತಿದ್ದರೆ ಅಲ್ಲೇ ಹಿಡಿಯುತ್ತಿದ್ದಳು. ಕಾಗದ ಮಡಚಿಕೊಂಡು ಅವನು ಬಸ್ಸು ಹತ್ತಿದ.

ಒಂದೂವರೆ ತಿಂಗಳಿಗೆ ಮದರಾಸಿನಿಂದ ಆರ್ಡರು ಬಂತು. ಕೇರಿಗೆ ಕೇರಿಯೇ ಸೊಸೈಟಿಯ ಜಗಲಿಯಲ್ಲಿ ನೆರೆಯಿತು. ಬೋಜ ಕನ್ನಡಕ ಏರಿಸಿ ಓದಿದ. ಮೂವತ್ತು ಸೀರೆ, ಎಲ್ಲವೂ ಒಂದೇ ಬಣ್ಣ, ಪ್ರದರ್ಶನದಲ್ಲಿ ನೋಡಿದ 'ಮಣ್ಣಿನ ಬಣ್ಣ'. ಎರಡು ತಿಂಗಳ ಗಡುವು. ಮಾದರಿಯ ಕಾಗದ ಅಲ್ಲೇ ಉಳಿದಿತ್ತು, ಬಂದದ್ದು ಬರೀ ಅಕ್ಷರ.

ಜಲಜಾಕ್ಷಿ ತನ್ನ ಬಣ್ಣಗಳನ್ನೆಲ್ಲ ಮನಸ್ಸಿನಲ್ಲೇ ಒಮ್ಮೆ ಎಣಿಸಿದಳು. ಮಣ್ಣಿನ ಬಣ್ಣವನ್ನು ನಾನು ಯಾವಾಗ ಹಾಕಿದ್ದೆ? ಕೇಳಬೇಕು ಎಂದು ಬಾಯಿ ತೆರೆದಳು. ಆದರೆ ಬೋಜ ಕನ್ನಡಕದ ಮೇಲಿನಿಂದ ಅವಳನ್ನೇ ನೋಡುತ್ತಿದ್ದ. ಈಗ ಕೇಳಿದರೆ ಏನಾಗುತ್ತದೆ? ತಾನು ಹಾಕಿದ ಬಣ್ಣ ಯಾವುದೆಂದು ತನಗೇ ಗೊತ್ತಿಲ್ಲದವಳು ಎಂದು ಅಲ್ಲೇ ತೀರ್ಮಾನ. ಅವಳು ತೆರೆದ ಬಾಯಿಯನ್ನು ಸೆರಗಿನಿಂದ ಒರೆಸಿಕೊಂಡು ಮುಚ್ಚಿದಳು. ಮದರಾಸಿನವರಿಗೆ ಬೇಕಾದದ್ದು ಮಣ್ಣು ತಾನೇ, ಮಣ್ಣು ನೋಡದವಳಾ ನಾನು ಎಂದು ಮನಸ್ಸಿಗೆ ಸಮಾಧಾನ ಹೇಳಿದಳು.

ಮನೆಗೆ ಬಂದಾಗ ಅತ್ತೆ ಬಿಡಬೇಕಲ್ಲ.

"ಮಣ್ಣಿನ ಬಣ್ಣ ನೀನು ಎಂತಕ್ಕೆ ಹಾಕಿದ್ದು, ಯಾವಾಗ ಹಾಕಿದ್ದು? ನಾನು ಕಾಣಲೇ ಇಲ್ಲ."

ನೀವು ಸುಮ್ಮನೆ ಕೂತುಕೊಳ್ಳಿ ಅತ್ತೆ ಎಂದು ಜಲಜಾಕ್ಷಿ ಗದರಿದಳು. ಗದರಿದ್ದು ತನ್ನನ್ನೇ ಎಂದು ಅವಳಿಗೂ ಗೊತ್ತಿತ್ತು.

ನಮ್ಮ ಊರಿನ ಮಣ್ಣು ಯಾವ ಬಣ್ಣ ಎಂದು ಹೇಳಬೇಕಾಗಿಲ್ಲ. ಮುರಕಲ್ಲಿನ ಕೆಂಪು, ಮಳೆಗಾಲದಲ್ಲಿ ಬಿಳಿ ಪಂಚೆ ಉಟ್ಟು ಬದಿಯಡ್ಕಕ್ಕೆ ಹೋಗಿ ಬಂದವನ ಹಿಂಭಾಗ ನೋಡಿದರೆ ಸಾಕು. ಆ ಕೆಂಪು ತರುವುದು ಅವಳಿಗೆ ಕಷ್ಟವೇ ಅಲ್ಲ. ಬದಿಯಡ್ಕದ ವ್ಯಾಪಾರಿಗಳು ಮಾರಾಟಕ್ಕೆ ಸಲ್ಲದೆಂದು ಬಿಸಾಡುವ ಕರಿಗೋಟು ಅಡಿಕೆಯನ್ನು ತಂದು ಕುಟ್ಟಿ ಬೇಯಿಸಿದರೆ ಚೊಗರು ಇಳಿಯುತ್ತದೆ. ಅದರಲ್ಲಿ ಮುಳುಗಿಸಿದ ನೂಲನ್ನು ಸುಣ್ಣದ ತಿಳಿಗೆ ಹಾಕಿದರೆ ಕೆಂಪೇರುತ್ತದೆ, ಎಲೆಯಡಿಕೆ ಜಗಿದ ಬಾಯಿಯ ಹಾಗೆ. ನೂಲು ಬರಲು ಎರಡು ವಾರ ಹಿಡಿಯಿತು, ಬಂದ ಹನ್ನೆರಡು ದಿನದಲ್ಲಿ ಮೂವತ್ತು ಸೀರೆಯ ನೂಲಿಗೂ ಬಣ್ಣವಾಯಿತು. ಅಂಗಳದ ಒಂದು ಹಿಡಿ ಮಣ್ಣನ್ನು ಲಡಿಯ ಮೇಲೆ ಇಟ್ಟು ನೋಡಿದಳು. ಎಲ್ಲಿ ಮಣ್ಣು ಮುಗಿದು ಎಲ್ಲಿ ನೂಲು ಸುರುವಾಯಿತು ಎಂದು ಹೇಳಲಾಗಲಿಲ್ಲ. ಅವಳಿಗೆ ಹೆಮ್ಮೆಯಾಯಿತು. ಬೋಜನೂ ಬಂದು ನೋಡಿ, ಹೂಂ, ಅಡ್ಡಿಯಿಲ್ಲ ಎಂದ. ಅವನ ಬಾಯಲ್ಲಿ ಅದು ಸನ್ಮಾನಕ್ಕೆ ಸಮ. ಎರಡು ಮಗ್ಗಗಳಲ್ಲಿ ಹಾಸಿನ ನೂಲು ಏರಿ ಎರಡು ಸೀರೆ ನೇಯ್ದೂ ಆಯಿತು.

ಆಗ ಬಂದ ನೋಡಿ ಪಂಪಾಪತಿ. ಗಡುವಿಗೆ ಇನ್ನು ಮೂರು ವಾರ. ಸೊಸೈಟಿಯ ಜಗಲಿಯಲ್ಲಿ ಮಡಿಸಿಟ್ಟ ಸೀರೆ ಬಿಡಿಸಿದ, ಅಲ್ಲೇ ಕೂತುಬಿಟ್ಟ. ಇದು ಕೆಂಪಲ್ಲವೇ, ನಾನು ಕಳಿಸಿದ ಬಣ್ಣ ಇದಲ್ಲವಲ್ಲ ಎಂದ.

ಬೋಜ ಮೆಲ್ಲನೆ ಜಲಜಾಕ್ಷಿಯ ಕಡೆ ತಿರುಗಿದ. ಅವಳು ಅಂಗಳಕ್ಕಿಳಿದು ಒಂದು ಹಿಡಿ ಮಣ್ಣು ತಂದು ಸೀರೆಯ ಮೇಲಿಟ್ಟಳು.

"ಇದು ಮಣ್ಣು ಅಲ್ವಾ ಸಾರ್?"

"ಇದು ನಿಮ್ಮೂರ ಮಣ್ಣು ತಾಯಿ. ನಮ್ಮ ಕಡೆ ಮಣ್ಣು ಅಂದ್ರೆ ಎರೆಮಣ್ಣು, ಕರ್ರಗಿರ್ತದ. ಎಳ್ಳುಂಡೆ ಪಕ್ಕದಾಗ ಇತ್ತಲ್ಲ, ನೀವೇ ಹೇಳಿದ್ರಿ ಮಣ್ಣಿನ ಬಣ್ಣ ಅಂತ."

ಎಳ್ಳುಂಡೆಯ ಪಕ್ಕದ್ದು. ಜಲಜಾಕ್ಷಿಗೆ ಒಮ್ಮೆಗೇ ಎಲ್ಲ ಹೊಳೆಯಿತು. ಇವನ ಊರಿನ ಹೊಲದ ಬಣ್ಣವೂ ತನ್ನ ಹರಿವಾಣದ ಬಣ್ಣವೂ ಒಂದೇ ಆಗಿ, ಒಂದು ಅಕ್ಷರ ಹೆಚ್ಚಾಗಿ, ಮೂವತ್ತು ಸೀರೆಯ ನೂಲು ಕೆಂಪಾಗಿ ಕೂತಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಅವಳು ಕಂಬ ಹಿಡಿದು ನಿಂತಳು. ಕಣ್ಣಲ್ಲಿ ನೀರು ಬಂದೇ ಬಂತು, ಮುಚ್ಚಿಡಲಿಲ್ಲ. ಆಮೇಲೆ ಇನ್ಸ್‌ಪೆಕ್ಟರಿಗೆ ಮಧ್ಯಾಹ್ನದವರೆಗೆ ಹೋಗಬಾರದೆಂದು ಹೇಳಿ ಮನೆಗೆ ನಡೆದಳು.

ಅವಳು ಎಲ್ಲಿಗೆ ಹೋದಳೆಂದು ಜಗಲಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಅವಳು ರಾಗಿ ನೆನೆಹಾಕಿದ್ದಳು. ನೆನೆದದ್ದನ್ನು ಕಾಯಿಯೊಂದಿಗೆ ಅರೆದಳು, ಬಟ್ಟೆಯಲ್ಲಿ ಸೋಸಿದಳು, ಬೆಲ್ಲ ಹಾಕಿ ಒಲೆಯ ಮುಂದೆ ಕೂತು ಕೈ ಬಿಡದೆ ತೊಳಸಿದಳು. ಅಮ್ಮಣ್ಣಿಗೆ ಇವತ್ತು ಯಾವ ಹಬ್ಬ ಎಂದು ಅರ್ಥವಾಗದಿದ್ದರೂ ತಿಂಡಿಯ ವಾಸನೆಗೆ ಪ್ರಶ್ನೆ ಕೇಳುವುದು ಸರಿಯಲ್ಲ ಎಂದು ಸುಮ್ಮನಿದ್ದಳು. ತುಪ್ಪ ಸವರಿದ ಹರಿವಾಣಕ್ಕೆ ಹೊಯ್ದು, ಆರಿದ ಮೇಲೆ ಸೆರಗು ಮುಚ್ಚಿ ತಂದು ಇನ್ಸ್‌ಪೆಕ್ಟರನ ಮುಂದಿಟ್ಟು ಸೆರಗು ತೆಗೆದಳು.

ಪಂಪಾಪತಿ ಹರಿವಾಣದ ಮೇಲೆ ಬಗ್ಗಿದ. ಇದೇ, ಇದೇ ಬಣ್ಣ ಎಂದ.

"ಇದು ಮಣ್ಣಿ ಸಾರ್. ಮಣ್ಣು ಅಲ್ಲ, ಮಣ್ಣಿ. ತಿನ್ನುವುದು."

ಅವನು ಒಂದು ತುಂಡು ಬಾಯಿಗಿಟ್ಟು ನುಂಗಿದ. ತಪ್ಪು ನನ್ನದು ಎಂದ. ಕೇಳದೆ ಬರೆದೆ. ಅಧಿಕಾರದಲ್ಲಿದ್ದವರ ಬಾಯಿಂದ ಆ ಮಾತು ಕೇರಿಯವರು ಮೊದಲ ಬಾರಿಗೆ ಕೇಳಿದ್ದು; ಕೆಲವರಿಗೆ ಮಣ್ಣಿ ಗಂಟಲಲ್ಲಿ ಸಿಕ್ಕಿತು. ಜಲಜಾಕ್ಷಿ ತನ್ನ ಪಾಲನ್ನೂ ಬಿಡಲಿಲ್ಲ. ಕಾಗದ ಓದಿದ ದಿನ ನನಗೆ ಸಂಶಯ ಬಂದಿತ್ತು, ಕೇಳಿದರೆ ಮಾನ ಹೋಗುತ್ತದೆಂದು ಬಾಯಿ ಮುಚ್ಚಿದೆ ಎಂದು ಬೋಜನ ಮುಖ ನೋಡಿಯೇ ಹೇಳಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಮಾನ ಉಳಿಸಲು ಹೋಗಿ ಅಡಿಕೆಯೂ ಹೋಗಿತ್ತು.

ಬೋಜ ಮಾತ್ರ ಕರಗಲಿಲ್ಲ. ಆಗ ನೂಲಿಗೆ ಕಂಟ್ರೋಲು. ಮೂವತ್ತು ಸೀರೆಗೆ ಸಿಕ್ಕಿದ ನೂಲು ಅಷ್ಟೇ, ಇನ್ನೊಂದು ಎಳೆ ಕೇಳಿದರೂ ಮುಂದಿನ ವರ್ಷ. ಕೆಂಪಾದ ನೂಲನ್ನು ಬಿಳಿ ಮಾಡಲು ಬ್ರಹ್ಮನಿಂದಲೂ ಆಗದು. ಅವನು ಎದ್ದು ನಿಂತು, ಯಾರ ತಪ್ಪೋ ಇರಲಿ, ಆರ್ಡರು ಹೋಯಿತು, ನಾಳೆ ಕಣ್ಣೂರಿಗೆ ಕಾಗದ ಬರೆಯುತ್ತೇನೆ ಎಂದ.

ಆಗ ಅವಳು ಕೇಳಿದ್ದು ನಾಲ್ಕು ದಿನ.

ಬಿಳಿ ಮಾಡಲು ಆಗದು, ನಿಜ. ಆದರೆ ಈ ಕೆಂಪಿನ ಬುಡದಲ್ಲಿ ಇರುವುದು ಚೊಗರು. ಮಣ್ಣಿಯ ಬಣ್ಣದ ಬುಡದಲ್ಲಿ ಇರುವುದೂ ಚೊಗರೇ. ಸುಣ್ಣ ತಾಗಿದರೆ ಕೆಂಪು, ಕಬ್ಬಿಣ ತಾಗಿದರೆ ಕಪ್ಪಿನ ಕಡೆ. ಅವಳ ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಕತ್ತಿ, ಲಾಳ, ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಕೊಳೆಹಾಕಿದ ಮಡಕೆ ಯಾವಾಗಲೂ ಇರುತ್ತಿತ್ತು. ತಿಂಗಳುಗಟ್ಟಲೆ ಕೊಳೆತ ಆ ಕಬ್ಬಿಣದ ನೀರಿನಿಂದಲೇ ಅವಳು ಕಪ್ಪು ತರುವುದು. ಕೆಂಪಿನ ಮೇಲೆ ಕಬ್ಬಿಣ ಹಾಯಿಸಿದರೆ ಮಣ್ಣಿ ಬಂದೀತು. ಬಂದೀತು, ಅಷ್ಟೇ. ಹಿಂದೆ ಎಂದೂ ಹಾಗೆ ಮಾಡಿದವಳಲ್ಲ. ಒಂದು ಮುಳುಗು ಕಮ್ಮಿಯಾದರೆ ಅಪ್ಪದ ಬಣ್ಣ, ಒಂದು ಮುಳುಗು ಹೆಚ್ಚಾದರೆ ಎಳ್ಳುಂಡೆ. ಅದಕ್ಕೂ ಹೆಚ್ಚಾದರೆ ಕಬ್ಬಿಣ ನೂಲನ್ನೇ ತಿಂದುಹಾಕುತ್ತದೆ, ಮಗ್ಗದಲ್ಲಿ ಎಳೆದಾಗ ಪಟ್ ಎಂದು ಕಡಿಯುತ್ತದೆ.

ಪಂಪಾಪತಿ ಕಾಸರಗೋಡಿನ ಕೋಣೆಗೆ ಹೋಗಿ ಬರುವ ಬದಲು ಬೋವಿಕಾನದಲ್ಲೇ ಉಳಿದ. ಮೊದಲ ಬೆಳಿಗ್ಗೆ ಒಂದೇ ಒಂದು ಲಡಿಯ ಪರೀಕ್ಷೆ. ಕಬ್ಬಿಣದ ನೀರನ್ನು ಸೋಸಿ, ತೆಳ್ಳಗೆ ಮಾಡಿ, ಕೆಂಪು ಲಡಿಯನ್ನು ಮುಳುಗಿಸಿದಳು. ನೂಲು ಹರಿವಾಣದ ಮಣ್ಣಿಯ ಬಣ್ಣಕ್ಕೆ ಬರುವವರೆಗೆ ಕಾದು ಎತ್ತಿದಳು. ಎಲ್ಲರೂ ಹೋ ಎಂದರು. ಮಧ್ಯಾಹ್ನಕ್ಕೆ ಅದು ಮಸಿಯಾಯಿತು. ಕಬ್ಬಿಣ ಗಾಳಿಗೆ ಬಂದ ಮೇಲೂ ಕೆಲಸ ಬಿಡುವುದಿಲ್ಲ, ಕಪ್ಪಾಗುತ್ತಲೇ ಹೋಗುತ್ತದೆ ಎಂದು ಅವಳಿಗೆ ಗೊತ್ತಿಲ್ಲದ್ದಲ್ಲ. ಹೆದರಿದ ಕಣ್ಣಿಗೆ ಕಂಡದ್ದನ್ನು ನಂಬಿದ್ದಳು, ಅಷ್ಟೇ. ಬೋಜ ಲಡಿ ಎತ್ತಿ ನೋಡಿ ಕೆಳಗಿಟ್ಟ.

ಮರುದಿನ ಅಮ್ಮಣ್ಣಿ ಉಳಿದ ಮಣ್ಣಿಯ ತುಂಡೊಂದನ್ನು ಒಸಡಿನಲ್ಲಿ ಅರೆಯುತ್ತ, ನಿನ್ನೆಗಿಂತ ಇವತ್ತು ಇದು ಕರಿ ಆಗಿದೆ ಎಂದಳು. ಸುಮ್ಮನೆ ಆಡಿದ ಮಾತು. ಜಲಜಾಕ್ಷಿ ಹರಿವಾಣ ನೋಡಿದಳು. ಹೌದು, ಆರಿದ ಮಣ್ಣಿ ಮೇಲೆ ಕೆನೆಗಟ್ಟಿ ಕಪ್ಪಾಗಿತ್ತು. ಹಾಗಾದರೆ ಹೋಲಿಸಬೇಕಾದದ್ದು ಆರಿದ ಮಣ್ಣಿಗಲ್ಲ, ಒಲೆಯ ಮೇಲಿನ ಮಣ್ಣಿಗೆ. ಕುದಿ ಬಂದು, ಇನ್ನೂ ಗಟ್ಟಿಯಾಗದೆ, ಸೌಟಿಗೆ ಅಂಟುವ ಮೊದಲು ಒಂದು ಬಣ್ಣ ಇರುತ್ತದೆ. ಆ ಬಣ್ಣಕ್ಕೆ ನೂಲನ್ನು ಎತ್ತಿದರೆ, ಗಾಳಿ ಅದನ್ನು ಆರಿದ ಮಣ್ಣಿಯವರೆಗೆ ತಾನೇ ಕೊಂಡುಹೋದೀತು.

ಹಾಗಾಗಿ ಬೋವಿಕಾನದ ನೇಕಾರರ ಕೇರಿಯಲ್ಲಿ ಒಂದು ವಿಚಿತ್ರ ನಡೆಯಿತು. ಒಂದು ಒಲೆಯ ಮೇಲೆ ಮಣ್ಣಿ, ಪಕ್ಕ ಕಬ್ಬಿಣದ ನೀರಿನ ಹಂಡೆ. ಅಮ್ಮಣ್ಣಿ ಮಣ್ಣಿ ತೊಳಸುವುದು, ಜಲಜಾಕ್ಷಿ ನೂಲು ತಿರುಗಿಸುವುದು. ಇನ್ಸ್‌ಪೆಕ್ಟರ್ ಪ್ಯಾಂಟು ಮಡಚಿಕೊಂಡು ನೀರು ಹೊರುವುದು! ಎತ್ತಿದ ಲಡಿ ನೋಡಿ ಬೋಜ ತಲೆ ಅಲ್ಲಾಡಿಸಿದ. ಅದು ಕೆಂಪೂ ಅಲ್ಲ, ಕಂದೂ ಅಲ್ಲ, ಬೆಂದೂ ಬೇಯದ ಹಾಗೆ ಇತ್ತು.

"ಇದು ಮಣ್ಣಿಯಾ ಜಲಜಾ? ನನ್ನ ಕಣ್ಣಿಗೆ ಕಾಣುವುದಿಲ್ಲ."

"ಈಗ ಅಲ್ಲ ಬೋಜಣ್ಣ. ಸಂಜೆಗೆ ಬನ್ನಿ."

ನೆರಳಿನಲ್ಲಿ ಹಾಕಿದ ಲಡಿಯ ಎದುರು ಅವಳು ಕೂತೇ ಇದ್ದಳು. ಊಟಕ್ಕೆ ಕರೆದರೆ ಏಳಲಿಲ್ಲ. ಮಧ್ಯಾಹ್ನ ತಿರುಗುವಾಗ ಕೆಂಪು ಒಳಗೆ ಸರಿಯತೊಡಗಿತು. ಎರಡು ಗಂಟೆಗೆ ಅಪ್ಪದ ಬಣ್ಣ. ಮೂರಕ್ಕೆ ಅಪ್ಪ ದಾಟಿತು. ಮುಂದೆ ಹೋಗಬಾರದು, ಇಲ್ಲಿಯೇ ನಿಲ್ಲಬೇಕು ಎಂದು ಅವಳು ನೋಡುತ್ತಿದ್ದಾಗ, ಒಣಗಿದ ಎಳೆಗಳ ನಡುವಿನಿಂದ ಆ ನೇರಳೆ ಎದ್ದು ಬಂತು. ಕೆಂಪಿನ ಮೇಲೆ ಬಂದದ್ದರಿಂದಲೋ ಏನೋ, ಹಿಂದೆ ಬಿಳಿ ನೂಲಿನ ಮೇಲೆ ತಂದದ್ದಕ್ಕಿಂತ ಈ ಮಣ್ಣಿ ಹೆಚ್ಚು ಹದವಾಗಿತ್ತು. ಸಂಜೆ ಬೋಜ ಬಂದವನೇ ಲಡಿಯಿಂದ ಒಂದು ಎಳೆ ಬಿಡಿಸಿ, ಎರಡು ಕೈಯಲ್ಲಿ ಸುತ್ತಿ ಜಗ್ಗಿದ. ಕಡಿಯಲಿಲ್ಲ. ಮತ್ತೆ ಜಗ್ಗಿದ. ಆಮೇಲೆ ಆ ಎಳೆಯನ್ನು ಹರಿವಾಣದ ಮೇಲೆ ಇಟ್ಟು, ಹುಡುಕಿ ತೆಗೆಯಲು ಕನ್ನಡಕ ಹಾಕಿಕೊಳ್ಳಬೇಕಾಯಿತು.

ಮುಂದಿನದ್ದೆಲ್ಲ ಮೈಮುರಿಯುವ ದುಡಿಮೆ, ಕಥೆಯಲ್ಲ. ಉಳಿದ ಲಡಿಗಳು ಎರಡು ದಿನದಲ್ಲಿ ಹಂಡೆ ಕಂಡವು. ಹಾಳಾದ ಮೊದಲ ಲಡಿ ಸೆರಗಿನ ಗೆರೆಗೆ ಹೋಯಿತು. ಹದಿನಾಲ್ಕು ಮಗ್ಗವೂ ಒಟ್ಟಿಗೆ ಲಟಪಟ ಎಂದವು. ಎರಡು ಸೀರೆಯ ನೂಲು ಮೊದಲೇ ಕೆಂಪಾಗಿ ಮುಗಿದಿದ್ದರಿಂದ ಇಪ್ಪತ್ತೆಂಟೇ ಆದವು; ಇಪ್ಪತ್ತೆಂಟು ಮಣ್ಣಿ, ಎರಡು ಮಣ್ಣು ಎಂದು ಪಂಪಾಪತಿ ನಡೆದದ್ದೆಲ್ಲವನ್ನೂ ತನ್ನ ಹೆಸರಿನಲ್ಲೇ ಬರೆದು, ಗಂಟಿನೊಂದಿಗೆ ಗಡುವಿನ ಹಿಂದಿನ ದಿನ ರೈಲಿಗೆ ಹಾಕಿಸಿದ. ಮದರಾಸಿನವರು ಏನು ಹೇಳುತ್ತಾರೋ ಎಂದು ಕೇರಿ ಕಾಯಿತು. ಇಪ್ಪತ್ತು ದಿನಕ್ಕೆ ಉತ್ತರ ಬಂತು. ಮೂವತ್ತನ್ನೂ ಇಟ್ಟುಕೊಂಡಿದ್ದರು. ಎರಡೂ ಬಣ್ಣದಲ್ಲಿ ಇನ್ನಷ್ಟು ಕೇಳಿದ್ದರು, ಇನ್ನು ಯಾವ ಯಾವ ತಿಂಡಿ ಇದೆಯೆಂದೂ ಕೇಳಿದ್ದರು.

ಆ ಭಾನುವಾರ ಸೊಸೈಟಿಯ ಸಭೆ. ಜಲಜಾಕ್ಷಿ ಹೆಂಗಸರ ಜೊತೆ ಬಾಗಿಲ ಬಳಿ ಕೂತಿದ್ದಳು. ಬೋಜ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಕಣ್ಣೂರಿಗೆ ಕಾಗದ ಬರೆಯುವ ಅಗತ್ಯ ಇನ್ನಿಲ್ಲ, ಬಣ್ಣದ ಕೊಟ್ಟಿಗೆ ಬಣ್ಣದ ಕೊಟ್ಟಿಗೆಯೇ ಆಗಿರಲಿ ಎಂದ. ಅಷ್ಟು ಹೇಳಿ ಕೂತವನು ಮತ್ತೆ ಎದ್ದು, ನಾನು ಆ ದಿನ ಹೋಟೇಲು ಅಂದದ್ದು ತಪ್ಪಾಯಿತು ಎಂದು ಗೋಡೆಯ ಕಡೆ ನೋಡಿ ಹೇಳಿದ. ಯಾರೂ ನಗಲಿಲ್ಲ.

ಪುಸ್ತಕದಲ್ಲಿ ಬರೆಯುವುದು ಯಾರೆಂಬ ಪ್ರಶ್ನೆ ಬಂದಾಗ ಪಂಪಾಪತಿ ಪೆನ್ನು ತೆಗೆದುಕೊಂಡ. ಲೋಕಯ್ಯನ ಹೆಸರಿದ್ದ ಸಾಲಿನ ಕೆಳಗೆ ಹೊಸ ಸಾಲು. ಅವಳನ್ನು ಹತ್ತಿರ ಕರೆದು, ನಿಮ್ಮ ಹೆಸರು ಹೇಳಿ ತಾಯಿ, ಈ ಸಾರಿ ಕೇಳಿಯೇ ಬರೀತೀನಿ ಎಂದ. ಅವಳು ಹೇಳಿದಳು. ಒಂದೊಂದೇ ಅಕ್ಷರ ಬಿಡಿಸಿ ಬರೆದ. ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದ:

"ಬಣ್ಣದ ಮೇಸ್ತ್ರಿ, ಜಲಜಾಕ್ಷಿ."

ಅವಳು ಪುಸ್ತಕದ ಮೇಲೆ ಬಗ್ಗಿ, ತನಗೆ ಓದಲು ಬಾರದ ಆ ಸಾಲನ್ನು ಎಳೆ ನೋಡುವ ಹಾಗೆ ನೋಡಿದಳು.

"ಇನ್ನೊಮ್ಮೆ ಓದಿ ಸಾರ್."

ಅವನು ಓದಿದ. ಬೋಜ ಕೂತಲ್ಲಿಂದಲೇ ಕತ್ತು ಚಾಚಿ, ತಪ್ಪು ಉಂಟಾ ಎಂದು ಕೇಳಿದ.

"ಇಲ್ಲ ಬೋಜಣ್ಣ, ಸರಿ ಉಂಟು," ಎಂದಳು ಜಲಜಾಕ್ಷಿ. "ಇನ್ನೊಮ್ಮೆ ಓದಲಿ."